ಸುಮನಬಾಯಿ ಹೇಳಿದ ಸಾಕ್ಷಿ

ರಾಜೇಶ್ವರದಲ್ಲಿ ಸುಮನಬಾಯಿ ಅಂದರೆ ಯಾವ ಸುಮನಬಾಯಿ ಅಂತ ಯಾರೂ ಕೇಳುವುದಿಲ್ಲ. ಬೌದ್ಧರ ಓಣಿಯ ದಾಯಿ. ಮೂವತ್ತೈದು ವರ್ಷ ಊರಿನ ಹೆರಿಗೆ ಮಾಡಿಸಿದವಳು. ಎಷ್ಟು ಕೂಸು ಹಿಡಿದಿ ಅಂತ ಯಾರಾದರೂ ಕೇಳಿದರೆ, "ಎಣಿಸಬಾರದು, ಎಣಿಸಿದ್ರ ಕಡಿಮಿ ಆಗ್ತಾವ" ಅನ್ನುತ್ತಾಳೆ.

ಬೇರೆ ದಿನ ಹೊಸ್ತಿಲ ಹೊರಗೆ ನಿಲ್ಲಿಸುವ ಮನೆಯವರು ಹೆರಿಗೆಯ ದಿನ ಕೈ ಹಿಡಿದು ಒಳಗೆ ಎಳಕೊಂಡು ಹೋಗುತ್ತಿದ್ದರು. ಕೂಸು ಅತ್ತ ಮೇಲೆ ಮತ್ತೆ ಹೊರಗೆ. ಇದನ್ನೂ ಆಕೆ ನಗುತ್ತಲೇ ಹೇಳುತ್ತಾಳೆ. ನಗದೆ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ಆಕೆಗೆ ಗೊತ್ತು.

ಈಗ ಮನೆಯಲ್ಲಿ ಯಾರೂ ಹೆರುವುದಿಲ್ಲ. ಗಾಡಿ ಬರುತ್ತದೆ, ಬಸವಕಲ್ಯಾಣದ ದವಾಖಾನೆಗೆ ಒಯ್ಯುತ್ತದೆ. ಒಳ್ಳೆಯದೇ ಆಯಿತು ಅಂತ ಸುಮನಬಾಯಿ ಅನ್ನುತ್ತಾಳೆ. ಇಬ್ಬರು ಬಾಣಂತಿಯರು ಆಕೆಯ ಕೈಯಲ್ಲೇ ತೀರಿಹೋಗಿದ್ದಾರೆ. ಅದನ್ನು ಮಾತ್ರ ಆಕೆ ಎಣಿಸಿದ್ದಾಳೆ. ಈಗ ಆಕೆಯ ಕೆಲಸ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವುದು. ಮುಂಜಾನೆ ಎರಡು ಮನೆ, ಮೂರು ಮನೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಬಿಸಿ ನೀರು ಹೊಯ್ಯುತ್ತಾಳೆ. ಕೂಸು ಕಿರುಚುತ್ತದೆ. ಆಮೇಲೆ ಅಜವಾನದ ಹೊಗೆ ಹಾಕಿ ಸುತ್ತಿ ಕೊಟ್ಟರೆ ಮಧ್ಯಾಹ್ನದ ತನಕ ಎಚ್ಚರಿಲ್ಲ.

ಗಂಡ ವೈಜಿನಾಥ ಹೋದ ವರ್ಷದ ದೀಪಾವಳಿ ಮುಗಿದ ಮೇಲೆ ತೀರಿಕೊಂಡ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ನಡೆಸಿ ನಡೆಸಿ ಸೊಂಟ ಹೋಗಿತ್ತು. ಮೂರು ದಿನ ಜ್ವರ, ನಾಲ್ಕನೇ ದಿನ ಇಲ್ಲ. ಮಗ, ಸೊಸೆ ಮನೆಯಲ್ಲೇ ಇದ್ದಾರೆ, ಉಣ್ಣಲು ತೊಂದರೆ ಇಲ್ಲ. ಆದರೂ ಮುಂಜಾನೆ ಚಹಾ ಸೋಸುವಾಗ ಸುಮನಬಾಯಿಯ ಕೈ ತಾನಾಗಿ ಎರಡು ಕಪ್ಪಿಗೆ ಹೋಗುತ್ತದೆ. ಎರಡನೇದನ್ನೂ ತಾನೇ ಕುಡಿಯುತ್ತಾಳೆ. ಚೆಲ್ಲುವುದಿಲ್ಲ.

ಆತ ಹೋಗಿ ನಾಲ್ಕು ತಿಂಗಳಿಗೆ ವಜೀರಬಿ ಬಂದಳು. ಆಕೆ ಸುಮನಬಾಯಿಯ ವಾರಿಗೆಯವಳು. ಇಬ್ಬರೂ ಕೂಡಿ ಕಳೆ ತೆಗೆದವರು, ಕೂಡಿ ಬೈದಾಡಿದವರು. ಹಿಂದೆ ಮೊಮ್ಮಗಳು ಗಜಾಲಾ ಇದ್ದಳು, ಕೈಯಲ್ಲಿ ಫೋನು ಹಿಡಿದು.

"ಸುಮನಾ, ನೀ ಈಕೀನ ಹಿಡ್ದಿದ್ದು ನೆನಪದ ಏನು?"

"ಮರೀತೀನೇನು? ಆ ಸಲ ನಾ ಬೊಂಬಾಯಿಗೆ ಹೋಗೋದು ತಪ್ಪಿತ್ತು."

"ಯಾವ ವರ್ಷ?"

"ಅದೆಲ್ಲಿ ನೆನಪು? ನಾ ಏನು ಪಂಚಾಂಗ ಹಿಡ್ಕೊಂಡು ಹೆರಿಗಿ ಮಾಡಿಸ್ತಿದ್ನ್ಯಾ?"

ವಜೀರಬಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಗಜಾಲಾ ಗೋಡೆಗೆ ಒರಗಿ ನಿಂತಳು. ಕಣ್ಣು ಕೆಂಪಗಿದ್ದವು. ಸುಮನಬಾಯಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಅತ್ತು ಬಂದವರಿಗೆ ಮೊದಲು ಚಹಾ, ಆಮೇಲೆ ಮಾತು.

ವಜೀರಬಿಯ ಮಗಳು ಶಾಯಿಸ್ತಾ ಅಮೆರಿಕಾದಲ್ಲಿದ್ದಾಳೆ ಅಂತ ಊರಿಗೆ ಗೊತ್ತು. ಹ್ಯಾಂಗ ಇದ್ದಾಳೆ ಅಂತ ಕೆಲವರಿಗೇ ಗೊತ್ತು. ಗಂಡ ಜಹೀರುದ್ದೀನ್ ಲಾರಿ ಮೇಲಿಂದ ಬಿದ್ದು ಸತ್ತಾಗ ಗಜಾಲಾಗೆ ಮೂರು ತುಂಬಿರಲಿಲ್ಲ. ಶಾಯಿಸ್ತಾ ಹುಮನಾಬಾದದಲ್ಲಿ ಒಂದು ದೊಡ್ಡ ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಆ ಮನೆಯವರ ಸಂಬಂಧಿಕರು ಅಮೆರಿಕಾದಲ್ಲಿದ್ದರು. ಮಕ್ಕಳನ್ನು ನೋಡಿಕೊಂಡು, ಅಡುಗೆ ಮಾಡಿಕೊಂಡು ಇರು, ಎರಡು ವರ್ಷಕ್ಕೆ ಮನೆ ಕಟ್ಟುವಷ್ಟು ಆಗುತ್ತದೆ ಅಂದರು. ಗಜಾಲಾ ಹತ್ತನೇ ಪಾಸಾದ ಮರು ವರ್ಷ ಶಾಯಿಸ್ತಾ ವಿಮಾನ ಹತ್ತಿದಳು.

ಇಳಿದ ದಿನವೇ ಪಾಸ್‌ಪೋರ್ಟ್ ಇಸಕೊಂಡರು. ಪಗಾರ ಒಂದೆರಡು ಸಲ ಬಂತು, ಆಮೇಲೆ ಇಲ್ಲ. ಬಾಗಿಲು ದಾಟಲು ಬಿಡಲಿಲ್ಲ. ತಿಂಗಳಿಗೊಂದು ಫೋನು, ಅದೂ ಸ್ಪೀಕರ್ ಹಾಕಿ, ಪಕ್ಕದಲ್ಲಿ ಮನೆಯಾಕೆ ನಿಂತು. ಚೆನ್ನಾಗಿದ್ದೇನೆ ಅಮ್ಮಾ, ಅಷ್ಟೇ ಮಾತು. ವೀಸಾ ಮುಗಿದ ಮೇಲೆ ಹೊಸ ಬೆದರಿಕೆ. "ಈಗ ನೀನು ಕಳ್ಳಿ. ಹೊರಗೆ ಹೋದರೆ ಪೊಲೀಸರು ಜೇಲಿಗೆ ಹಾಕುತ್ತಾರೆ." ಶಾಯಿಸ್ತಾ ನಂಬಿದಳು. ನಾಲ್ಕು ವರ್ಷ ನಂಬಿದಳು. ಕೊನೆಗೆ ಆ ಮನೆಯ ಮಕ್ಕಳ ಶಾಲೆಯ ಬಸ್ಸು ನಡೆಸುವ ಹೆಂಗಸು ಒಬ್ಬಳು, ಚಳಿಯಲ್ಲಿ ಬರಿಗಾಲಲ್ಲಿ ಬಾಗಿಲಿಗೆ ಬರುವ ಈಕೆಯನ್ನು ದಿನಾ ನೋಡಿ, ಯಾರಿಗೋ ಹೇಳಿದಳು. ಪೊಲೀಸರು ಬಂದರು. ಜೇಲಿಗೆ ಹಾಕಲಿಲ್ಲ. ಕಂಬಳಿ ಹೊದಿಸಿ ಕರಕೊಂಡು ಹೋದರು.

ಇಂಥವರಿಗೆ ಅಲ್ಲಿ ಒಂದು ಕಾನೂನಿದೆ. ಟಿ ವೀಸಾ ಅನ್ನುತ್ತಾರೆ. ಮೋಸದಿಂದ ತಂದು ದುಡಿಸಿಕೊಂಡವರ ವಿರುದ್ಧ ಸಾಕ್ಷಿ ಹೇಳಲು ನಿಂತವರಿಗೆ ಅಲ್ಲೇ ಇರಲು, ಕೆಲಸ ಮಾಡಲು ಕಾಗದ ಕೊಡುತ್ತಾರೆ. ಮಕ್ಕಳನ್ನೂ ಕರೆಸಿಕೊಳ್ಳಬಹುದು. ಶಾಯಿಸ್ತಾಗೆ ಆ ಕಾಗದ ಸಿಕ್ಕಿತ್ತು. ಒಂದು ದವಾಖಾನೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಕೇಸು ಇನ್ನೂ ನಡೆದಿತ್ತು, ಬಿಟ್ಟು ಬರುವಂತಿರಲಿಲ್ಲ. ಮಗಳಿಗಾಗಿ ಅರ್ಜಿ ಹಾಕಿದ್ದಳು.

"ಮಾನವ ಕಳ್ಳಸಾಗಣೆ ಅಂತಾರಂತ ಅದಕ್ಕ," ಅಂದಳು ವಜೀರಬಿ.

"ಕಳ್ಳಸಾಗಣೆ ಅಂದ್ರ ಬಂಗಾರದ್ದು ಅಂದ್ಕೊಂಡಿದ್ದೆ," ಅಂದಳು ಸುಮನಬಾಯಿ. "ಮನುಷ್ಯಾರ್ದೂ ಆಗ್ತದ?"

ಗಜಾಲಾ ಫೋನಿನಲ್ಲಿ ಬಂದ ಕಾಗದ ಓದಿ ಹೇಳಿದಳು. ತಾಯಿ ಅರ್ಜಿ ಹಾಕಿದ ದಿನ ಮಗಳಿಗೆ ಇಪ್ಪತ್ತೊಂದು ತುಂಬಿರಬಾರದು. ತುಂಬಿದ್ದರೆ ಆಕೆ ದೊಡ್ಡವಳು, ಕರೆಸಲು ಬರುವುದಿಲ್ಲ. ಶಾಯಿಸ್ತಾ ಅರ್ಜಿ ಹಾಕಿದ್ದು ಎರಡು ಸಾವಿರದ ಇಪ್ಪತ್ಮೂರರ ಮಾರ್ಚಿನಲ್ಲಿ. ಮಗಳಿಗೆ ಆಗ ಇಪ್ಪತ್ತು ಅಂತ ಬರೆದಿದ್ದಳು. ಶಾಲೆಯ ದಾಖಲೆ ನೋಡಿದರೆ ಇಪ್ಪತ್ತೊಂದೂ ಮುಕ್ಕಾಲು. ಹುಟ್ಟಿದ್ದು ಒಂದನೇ ಜೂನ್ ಎರಡು ಸಾವಿರದ ಒಂದು. ಆಧಾರದಲ್ಲೂ ಅದೇ. ಯಾವುದು ಖರೇ, ತೋರಿಸಿ, ಮೂರು ತಿಂಗಳೊಳಗೆ ತೋರಿಸಿ, ಇಲ್ಲವಾದರೆ ಅರ್ಜಿ ಮುಗಿಯಿತು ಅಂತ ಅಲ್ಲಿನ ಕಚೇರಿ ಬರೆದಿತ್ತು. ಒಂದು ತಿಂಗಳು ಆಗಲೇ ಹೋಗಿತ್ತು.

"ಅಮ್ಮ ಸುಳ್ಳು ಬರ್ದಾಳ ಅಂತ ಅವ್ರು ತಿಳ್ಕೊಂಡಾರ, ಸುಮನ ಆಯಿ," ಅಂದಳು ಗಜಾಲಾ. "ಏಳು ವರ್ಷ ಆತು ಆಕೀನ ನೋಡಿ."

ಸುಮನಬಾಯಿಯ ಕೈಯ ಕಪ್ಪು ಕೈಯಲ್ಲೇ ಉಳಿಯಿತು. ಸುಳ್ಳು ಬರೆದದ್ದು ಶಾಯಿಸ್ತಾ ಅಲ್ಲ. ಹೇಳಿದವಳು ತಾನು.

ಅದು ಹೀಗೆ. ಶಾಯಿಸ್ತಾ ಮುಂಜಾನೆ ಹುಮನಾಬಾದದ ಬಸ್ಸು ಹಿಡಿಯುತ್ತಿದ್ದಳು. ವಜೀರಬಿ ಹೊಲಕ್ಕೆ. ಅಂಗನವಾಡಿ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ನಾಲ್ಕೂವರೆ ವರ್ಷದ ಹುಡುಗಿ ಸಂಜೆ ತನಕ ಓಣಿಯಲ್ಲಿ ಒಬ್ಬಳೇ. ಒಂದು ದಿನ ಬಾವಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಸುಮನಬಾಯಿ ನೋಡಿದಳು. ಮರುದಿನವೇ ಕೈ ಹಿಡಿದು ಶಾಲೆಗೆ ಒಯ್ದಳು. ಹೆಡ್ ಮಾಸ್ತರರು ಆಗಿನ ರೂಢಿಯಂತೆ ಪರೀಕ್ಷೆ ಮಾಡಿದರು. ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ. ಗಜಾಲಾಳ ಬೆರಳು ಎರಡು ಇಂಚು ಮೇಲೆಯೇ ನಿಂತಿತು. ಸುಮನಬಾಯಿ ಹಿಂದಿನಿಂದ ತಲೆ ಸವರುವಂತೆ ಮಾಡಿ ತಲೆ ಬಗ್ಗಿಸಿದಳು, ಕಿವಿಯನ್ನು ಮೇಲಕ್ಕೆ ಜಗ್ಗಿದಳು. ಹುಡುಗಿ ಹಾ ಅಂತ ಕಿರುಚಿದಳು. ಬೆರಳು ಮುಟ್ಟಿತು.

"ಆರು ತುಂಬ್ಯಾವ ರೀ ಮಾಸ್ತರ. ನಾನೇ ಹಿಡ್ದೀನಿ ಈಕೀನ," ಅಂದಳು.

ದಾಯಿಯೇ ಹೇಳಿದ ಮೇಲೆ ಇನ್ನೇನು. ಮಾಸ್ತರರು ಎಲ್ಲರಿಗೂ ಬರೆಯುವಂತೆ ಒಂದನೇ ಜೂನ್ ಅಂತ ಬರೆದರು. ಹಿಂದಕ್ಕೆ ಆರು ವರ್ಷ ಎಣಿಸಿ ಇಸವಿ ಹಾಕಿದರು. ಹುಡುಗಿಗೆ ಬಿಸಿಯೂಟ ಸಿಕ್ಕಿತು, ತಲೆ ಮೇಲೆ ಮಾಡು ಸಿಕ್ಕಿತು. ಸುಮನಬಾಯಿಗೆ ಅದು ಸುಳ್ಳು ಅನಿಸಲೇ ಇಲ್ಲ. ವೈಜಿನಾಥನಿಗೆ ಹೇಳಿದಾಗ ಆತ ಬಿದ್ದು ಬಿದ್ದು ನಕ್ಕಿದ್ದ.

ಈಗ ನಗು ಬರಲಿಲ್ಲ. ವಜೀರಬಿ, ಗಜಾಲಾ ಇಬ್ಬರಿಗೂ ಇದನ್ನೆಲ್ಲ ಹೇಳಿದಳು.

ಮರುದಿನ ಸಂಜೆ ಶಾಯಿಸ್ತಾಳ ತಮ್ಮ ಅಕ್ರಮ್ ಬಂದ. ಬಸವಕಲ್ಯಾಣದಲ್ಲಿ ಆತನದು ಮೊಬೈಲ್ ರಿಪೇರಿಯ ಅಂಗಡಿ. ಎಲ್ಲಕ್ಕೂ ಆತನ ಹತ್ತಿರ ಒಂದು ಗುರುತಿನ ಮನುಷ್ಯ ಇರುತ್ತಾನೆ.

"ಚಿಂತಿ ಬ್ಯಾಡ. ಒಬ್ಬ ಇದ್ದಾನ. ಹಳೇ ಹುಟ್ಟಿದ ದಾಖಲಿ ಮಾಡಿ ಕೊಡ್ತಾನ. ಹಳೇ ಕಾಗದ, ಹಳೇ ಸಿಕ್ಕಾ, ಎಲ್ಲಾ. ಚಹಾದ ನೀರಾಗ ಅದ್ದಿ ಒಣಗಿಸಿದ್ರ ಅಲ್ಲಾನ ಕಣ್ಣಿಗೂ ಗೊತ್ತಾಗಂಗಿಲ್ಲ."

"ತೌಬಾ ಮಾಡು," ಅಂತ ವಜೀರಬಿ ಮಗನ ಬೆನ್ನಿಗೆ ಒಂದು ಬಿಟ್ಟಳು.

"ಮತ್ತೇನು ಮಾಡ್ತಿ? ಈ ಸುಮನ ಮೌಸಿ ಹೋಗಿ ನಾ ಸುಳ್ಳು ಹೇಳಿದ್ದೆ ಅಂತ ಬರಕೊಟ್ಟಾಳೇನು? ಕೊಟ್ರ ಈಕಿ ಮ್ಯಾಲೇ ಕೇಸು ಆಗ್ತದ. ಸರ್ಕಾರಿ ದಾಖಲೆದಾಗ ಸುಳ್ಳು ಅಂತ. ಈ ವಯಸ್ಸಿನ್ಯಾಗ ಕೋರ್ಟು ತಿರಗ್ತೀಯೇನು ಮೌಸಿ?"

ಸುಮನಬಾಯಿಗೆ ಹೆದರಿಕೆ ಆಗಿತ್ತು. ಊರಲ್ಲಿ ಆಕೆಗೆ ಇರುವುದು ಒಂದೇ ಆಸ್ತಿ. ದಾಯಿ ಹೇಳಿದಳು ಅಂದರೆ ಮುಗಿಯಿತು. ಈ ಮಗ ಯಾರ ಹೊಟ್ಟೆಯದು, ಯಾವುದು ಮೊದಲು ಹುಟ್ಟಿತು, ಕೂಸು ಉಸಿರಾಡಿ ಸತ್ತಿತೋ ಸತ್ತೇ ಹುಟ್ಟಿತೋ, ಇಂಥದ್ದಕ್ಕೆಲ್ಲ ಪಂಚರು ಆಕೆಯನ್ನೇ ಕೇಳುತ್ತಿದ್ದರು. ಆ ಬಾಯಿಂದ ಸುಳ್ಳು ಬಂದಿತ್ತು ಅಂತ ತಾನೇ ಬರೆದುಕೊಡಬೇಕು.

ಗಜಾಲಾ ಮೂಲೆಯಲ್ಲಿ ಕೂತು ಅವರ ಮಾತು ಕೇಳುತ್ತಿದ್ದಳು. ಹೊಲಿಗೆ ಕಲಿತಿದ್ದಳು. ಎರಡು ಒಳ್ಳೆಯ ಸಂಬಂಧ ಬಂದಿದ್ದವು, ಒಲ್ಲೆ ಅಂದಿದ್ದಳು. ಲಗ್ನ ಆದರೆ ಆ ಕಾಗದ ಸಿಗುವುದಿಲ್ಲ. ತಾಯಿಯ ಹತ್ತಿರ ಹೋಗುವ ಒಂದು ಬಾಗಿಲಿಗಾಗಿ ಉಳಿದದ್ದೆಲ್ಲ ಮುಚ್ಚಿಕೊಂಡು ಕೂತಿದ್ದಳು.

ಸುಮನಬಾಯಿ ಎದ್ದು ಸೆರಗು ಸಿಗಿಸಿದಳು. "ಒಂದು ಸುಳ್ಳಿಂದ ಇಷ್ಟು ಆಗ್ಯಾದ. ಅದರ ಮ್ಯಾಲೆ ಇನ್ನೊಂದು ಹೇರಿದ್ರ ಗಾಡಿ ಮಗಚ್ತದ. ಅಕ್ರಮ್, ನಿನ್ನ ಆ ಮನುಷ್ಯಾಗ ಚಹಾ ಕುಡ್ಯಾಕ ಹೇಳು, ಕಾಗದ ಅದ್ದಾಕ ಬ್ಯಾಡ. ವಜೀರಾ, ವಕೀಲರು ಎಲ್ಲಿದ್ದಾರ ನೋಡು. ನಾ ಬರ್ತೀನಿ."

ವಕೀಲಳ ಹೆಸರು ಸ್ನೇಹಲ. ಹುಮನಾಬಾದದ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಯ ಮೇಲೆ ಆಕೆಯ ಆಫೀಸು. ಶಾಯಿಸ್ತಾಳ ಅಮೆರಿಕಾ ವಕೀಲ ಹೈದರಾಬಾದಿನ ಯಾರನ್ನೋ ಕೇಳಿದ್ದ, ಅವರು ಈಕೆಯ ಹೆಸರು ಹೇಳಿದ್ದರು. ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಟ್ರ್ಯಾಕ್ಟರು ಸಾಲಾಗಿ ಅಡ್ಡ ನಿಂತಿದ್ದವು. ಅರ್ಧ ತಾಸು ಬಸ್ಸು ಅಲ್ಲಾಡಲಿಲ್ಲ. ಸುಮನಬಾಯಿ ಕಿಟಕಿಯಿಂದ ಒಂದೊಂದು ಡ್ರೈವರನ ಮುಖ ನೋಡಿದಳು. ನೋಡಿ ಏನಾಗಬೇಕಿತ್ತೋ ಆಕೆಗೇ ಗೊತ್ತಿಲ್ಲ.

ಸ್ನೇಹಲಗೆ ಮೂವತ್ತು ಇರಬೇಕು. ಮಾತು ಜೋರು.

"ಹುಟ್ಟಿದ್ದು ಪಂಚಾಯ್ತಿಗೆ ಯಾಕ ಬರಸಲಿಲ್ಲ?"

"ಅದು ಗಂಡಸರ ಕೆಲಸ ಅಂತ ಬಿಟ್ವಿರಿ," ಅಂದಳು ವಜೀರಬಿ. "ಅಳಿಯ ಲಾರಿ ಮ್ಯಾಲಿದ್ದ. ಬಂದ ಮ್ಯಾಲೆ ಬರಸ್ತೀನಿ ಅಂದ. ಬರಸಲಿಲ್ಲ."

"ಈಗ ತಡಾ ಆಗಿ ದಾಖಲು ಮಾಡ್ಸಾಕೂ ಅರ್ಜಿ ಹಾಕೂಣು. ಅದಕ್ಕೂ ಇದಕ್ಕೂ ಬೇಕಾಗೋದು ಒಂದೇ. ಹುಟ್ಟಿದ್ದು ಕಣ್ಣಾರೆ ಕಂಡವ್ರು ಇಬ್ಬರು. ಆದ್ರ ಬರೇ ಕಂಡೀನಿ ಅಂದ್ರ ಸಾಲದು ಆಯಿ. ಯಾವ ದಿನ, ಯಾವ ವರ್ಷ, ಹ್ಯಾಂಗ ನೆನಪು, ಅದು ಬೇಕು. ಒಬ್ಬೊಬ್ಬರೇ ಹೇಳ್ರಿ."

ಇಬ್ಬರೂ ಕೂಡಿಯೇ ಶುರು ಮಾಡಿದರು.

"ಶಾಯಿಸ್ತಾನ ಲಗ್ನ ಆದ ಎರಡನೇ ವರ್ಷ—"

"ಎರಡಲ್ಲ, ಮೂರು. ಮೊದಲನೇ ಬಸಿರು ನಿಂತಿರಲಿಲ್ಲ, ಮರ್ತಿಯೇನು?"

"ನನ್ನ ಮಗಳ ಲಗ್ನ ನನಗ ಗೊತ್ತಿಲ್ಲ, ಈಕಿಗೆ ಗೊತ್ತದ!"

"ಹೊಟ್ಟಿ ನೋಡಿದಾಕಿ ನಾನು. ನೀ ಬರೇ ಬಿರ್ಯಾನಿ ನೋಡಿದಾಕಿ."

ಗಜಾಲಾ ಎಷ್ಟೋ ದಿನಕ್ಕೆ ನಕ್ಕಳು. ಸ್ನೇಹಲ ಮೇಜಿನ ಮೇಲೆ ಪೆನ್ನು ಬಡಿದಳು. "ನಾನಿ, ನೀವು ಹೊರಗ ಕೂಡ್ರಿ. ಮೊದಲು ಆಯಿ ಹೇಳ್ಲಿ."

ವಜೀರಬಿ ಗೊಣಗುತ್ತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಸುಮನಬಾಯಿ ಹೇಳಿದಳು. ಡಿಸೆಂಬರ್ ಆರು ಬಾಬಾಸಾಹೇಬರು ತೀರಿಹೋದ ದಿನ. ಲಗ್ನ ಆದಾಗಿನಿಂದ ಆಕೆ, ವೈಜಿನಾಥ ವರ್ಷಾ ತಪ್ಪದೆ ಬೊಂಬಾಯಿಯಲ್ಲಿ ಅವರ ಸಮಾಧಿ ಇರುವ ಚೈತ್ಯಭೂಮಿಗೆ ಹೋಗುತ್ತಿದ್ದರು. ಓಣಿಯವರೆಲ್ಲ ಕೂಡಿ ಟೆಂಪೋ ಮಾಡಿಕೊಂಡು ಸೋಲಾಪುರ, ಅಲ್ಲಿಂದ ರೈಲು. ಯಾವಾಗಲೂ ನಾಲ್ಕನೇ ತಾರೀಖು ಮಧ್ಯಾಹ್ನ ಹೊರಡುವುದು. ಆ ವರ್ಷವೂ ಬುತ್ತಿ ಕಟ್ಟಿದ್ದಳು. ಬಿಳಿ ಸೀರೆ ಉಟ್ಟಿದ್ದಳು. ಒಂದು ಕಾಲು ಟೆಂಪೋದಲ್ಲಿ ಇಟ್ಟಿದ್ದಳು. ಜಹೀರುದ್ದೀನನ ತಂಗಿ ಓಡಿ ಬಂದು ಸೆರಗು ಹಿಡಿದಳು. ಭಾಬಿಗೆ ನೀರು ಹೋಗಾಕತ್ತದ ಅಂದಳು.

"ಮ್ಯಾಲಿನ ಕಾಲು ಕೆಳಗ ಇಟ್ಟೆ. ಯಜಮಾನರು ನೋಡಿದ್ರು. ಹೋಗು ಅಂದ್ರು. ಬಾಬಾಸಾಹೇಬ್ರು ಮುಂದಿನ ವರ್ಷನೂ ಅಲ್ಲೇ ಇರ್ತಾರ, ಕೂಸು ನಿಂದ್ರಂಗಿಲ್ಲ ಅಂದ್ರು. ಬುತ್ತಿ ಇಸಕೊಂಡು ಹೋದ್ರು. ಅದೊಂದೇ ಸಲ ರೀ ಮೇಡಮ್, ಅವ್ರು ನನ್ನ ಬಿಟ್ಟು ಹೋಗಿದ್ದು. ಮತ್ತ ಈಗ."

ಸ್ನೇಹಲ ಬರೆಯುವುದು ನಿಲ್ಲಿಸಿದಳು. ಸುಮನಬಾಯಿ ಆಕೆಗೆ ಬರೆ ಅಂತ ಕೈ ಮಾಡಿದಳು.

"ತಾರೀಖು ನಾಲ್ಕು, ಡಿಸೆಂಬರ್. ಇದು ಗಟ್ಟಿ. ವರ್ಷ ಮಾತ್ರ ನನಗ ಗೊತ್ತಿಲ್ಲ. ಅವ್ರಿದ್ದಿದ್ರ ಹೇಳ್ತಿದ್ರು."

"ಎಷ್ಟೊತ್ತಿಗೆ ಹುಟ್ಟಿತು?"

"ಹೊತ್ತು ಮುಳಗಾಕ. ಮಸೂತಿ ಭೋಂಗಾ ಕೂಗಿತು, ಕೂಸು ಅತ್ತಿತು. ಎರಡೂ ಕೂಡೇ."

ಸ್ನೇಹಲ ತಲೆ ಎತ್ತಿದಳು. "ಭೋಂಗಾ ಅಂದ್ರ? ರೋಜಾ ಬಿಡೂ ಭೋಂಗಾನ?"

"ಮತ್ತ? ವಜೀರಾ ಉಪಾಸ ಇದ್ದಳು. ಕೂಸು ನೋಡೂತನಕ ಬಾಯಾಗ ನೀರು ಹಾಕಲಿಲ್ಲ, ಹಟಮಾರಿ."

ಸ್ನೇಹಲ ಬಾಗಿಲಿಗೆ ಹೋಗಿ ವಜೀರಬಿಯನ್ನು ಕರೆದಳು. ಆಕೆಗೆ ಏನೂ ಹೇಳಿ ಕೊಡಲಿಲ್ಲ. ಮೊಮ್ಮಗಳು ಹುಟ್ಟಿದ್ದು ಯಾವಾಗ, ಅಷ್ಟೇ ಕೇಳಿದಳು.

"ಇಪ್ಪತ್ತೆಂಟನೇ ರೋಜಾ," ಅಂದಳು ವಜೀರಬಿ ತಡವಿಲ್ಲದೆ. "ಇಂಗ್ಲಿಷ್ ತಾರೀಖು ನನಗ ಬರಂಗಿಲ್ಲ. ಇಪ್ಪತ್ತೆಂಟನೇ ರೋಜಾ, ಇಫ್ತಾರಕ್ಕ. ಹಬ್ಬಕ್ಕ ಒಂದೆರಡು ದಿನ ಇತ್ತು. ಶೀರಖುರ್ಮಾದ ಸೇವಿಗಿ ಹಂಗೇ ಉಳೀತು, ಬಾಣಂತಿ ಮನಿ, ಯಾರು ಮಾಡ್ಬೇಕು?"

ಸ್ನೇಹಲ ಕಂಪ್ಯೂಟರಿಗೆ ತಿರುಗಿದಳು. ಹಳೇ ಕ್ಯಾಲೆಂಡರು ಒಂದೊಂದೇ ತೆಗೆದು ನೋಡಿದಳು. ಎರಡು ಸಾವಿರದ ಒಂದರಲ್ಲಿ ರಂಜಾನ್ ಹಬ್ಬ ಡಿಸೆಂಬರ್ ಹದಿನೇಳಕ್ಕೆ. ಎರಡು ಸಾವಿರದ ಮೂರರಲ್ಲಿ ನವೆಂಬರ್ ಇಪ್ಪತ್ತಾರಕ್ಕೆ, ಡಿಸೆಂಬರ್ ಬರುವ ಮೊದಲೇ ಮುಗಿದಿತ್ತು. ನಡುವಿನ ಎರಡು ಸಾವಿರದ ಎರಡರಲ್ಲಿ ಡಿಸೆಂಬರಿನ ಮೊದಲ ವಾರ. ಇಪ್ಪತ್ತೆಂಟನೇ ರೋಜಾ ಬಿದ್ದದ್ದು ಸರಿಯಾಗಿ ನಾಲ್ಕನೇ ತಾರೀಖು, ಬುಧವಾರ.

ರಂಜಾನ್ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಡಿಸೆಂಬರ್ ಆರು ಸರಿಯುವುದಿಲ್ಲ. ಒಬ್ಬಳಿಗೆ ತಾರೀಖು ಗೊತ್ತು, ಇನ್ನೊಬ್ಬಳಿಗೆ ರೋಜಾ ಗೊತ್ತು. ಇಬ್ಬರಿಗೂ ಇಸವಿ ಗೊತ್ತಿಲ್ಲ. ಎರಡನ್ನೂ ಕೂಡಿಸಿದರೆ ಬರುವುದು ಒಂದೇ ವರ್ಷ. ಆ ಕಾಲದಲ್ಲಿ ಮತ್ತೊಂದು ವರ್ಷಕ್ಕೆ ಅದು ಹೊಂದುವುದೇ ಇಲ್ಲ.

"ಅರ್ಜಿ ಹಾಕಿದ ದಿನ ನಿನಗ ಇಪ್ಪತ್ತು ವರ್ಷ, ಮೂರು ತಿಂಗಳು," ಅಂತ ಸ್ನೇಹಲ ಗಜಾಲಾಗೆ ಹೇಳಿದಳು. "ನಿಮ್ಮಮ್ಮ ಖರೇನೇ ಬರ್ದಾಳ."

ಗಜಾಲಾ ನಾನಿಯ ಮಡಿಲಲ್ಲಿ ಮುಖ ಇಟ್ಟಳು.

"ಇನ್ನೂ ಮುಗಿದಿಲ್ಲ," ಅಂದಳು ಸ್ನೇಹಲ. "ಶಾಲೆದಾಗ ಬ್ಯಾರೆ ಯಾಕ ಅದ ಅಂತ ಕೇಳ್ತಾರ."

ಸುಮನಬಾಯಿ ಕಿವಿಯ ಕಥೆ ಹೇಳಿದಳು. ಏನೂ ಬಿಡಲಿಲ್ಲ. ತಲೆ ಬಗ್ಗಿಸಿದ್ದು, ಜಗ್ಗಿದ್ದು, ಆರು ತುಂಬ್ಯಾವ ಅಂದದ್ದು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟು ಕೂತಳು, ಈಗಲೇ ಬೇಡಿ ಹಾಕುತ್ತಾರೆ ಅನ್ನುವಂತೆ.

"ಜೇಲು ಆಗ್ತದೇನ್ರಿ?"

ಸ್ನೇಹಲ ಪೆನ್ನು ಕೆಳಗಿಟ್ಟಳು. "ಆಯಿ, ನಾ ಹುಟ್ಟಿದ್ದು ಯಾವಾಗ ಗೊತ್ತೇನು? ಜೂನ್ ಒಂದು. ನಮ್ಮಣ್ಣ? ಜೂನ್ ಒಂದು. ಮೊನ್ನಿ ರಿಟಾಯರ್ ಆದ ನಮ್ಮ ಕಾಕಾ? ಅದೇ ದಿನ. ನಿಮ್ಮನ್ನ ಜೇಲಿಗೆ ಹಾಕ್ಬೇಕಾದ್ರ ಅರ್ಧ ಬೀದರ ಜಿಲ್ಲಾಕ್ಕ ಜೇಲು ಕಟ್ಟಿಸ್ಬೇಕಾಗ್ತದ. ಆದ್ರ ಇದನ್ನ ಬರೀಲೇಬೇಕು. ನಾನೇ ಹೇಳಿದ್ದೆ, ಈ ಕಾರಣಕ್ಕ ಹೇಳಿದ್ದೆ ಅಂತ. ಅಂಜಿದ್ರ ಈಗ್ಲೇ ಹೇಳ್ರಿ."

"ಅಂಜೀನಿ," ಅಂದಳು ಸುಮನಬಾಯಿ. "ಬರೀರಿ."

ಬರೆದರು. ಸ್ನೇಹಲ ಓದಿ ಹೇಳಿದಳು. ಸುಮನಬಾಯಿ ಒಂದು ಕಡೆ ತಡೆದಳು. "ತಿಳಿಯದೆ ಹೇಳಿದೆ" ಅಂತ ಇತ್ತು. "ಅದು ತಗೀರಿ. ತಿಳಿದೇ ಹೇಳಿದ್ದೆ. ಹುಡುಗಿ ಬಾವ್ಯಾಗ ಬೀಳ್ತದ ಅಂತ ಹೇಳಿದ್ದೆ." ಸ್ನೇಹಲ ತಿದ್ದಿದಳು. ವಜೀರಬಿ ಹೆಬ್ಬೆಟ್ಟು ಒತ್ತಿದಳು. ಸುಮನಬಾಯಿ ಸಹಿ ಮಾಡಿದಳು. ಐದು ಅಕ್ಷರ, ವೈಜಿನಾಥ ಕಲಿಸಿದ್ದು. ನೋಟರಿ ಸಿಕ್ಕಾ ಹೊಡೆದ.

ಸ್ನೇಹಲ ಅಷ್ಟಕ್ಕೇ ಬಿಡಲಿಲ್ಲ. ಶಾಲೆಗೆ ಬಂದು ಆ ವರ್ಷದ ದಾಖಲಾತಿ ಪುಸ್ತಕದ ನಕಲು ತೆಗೆಸಿದಳು. ಒಂದನೇ ವರ್ಗಕ್ಕೆ ಸೇರಿದ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ಒಂದನೇ ಜೂನಿಗೆ ಹುಟ್ಟಿದ್ದರು. ಅದನ್ನೂ ಸೇರಿಸಿ, ಎಲ್ಲ ಇಂಗ್ಲಿಷ್ ಮಾಡಿಸಿ ಕಳಿಸಿದಳು. ಆ ಊರಲ್ಲಿ ಒಂದನೇ ಜೂನಿಗೆ ಏನು ವಿಶೇಷ ಅಂತ ಅಮೆರಿಕಾ ವಕೀಲ ತಿರುಗಿ ಕೇಳಿದನಂತೆ. ಶಾಲೆ ಶುರುವಾಗುತ್ತದೆ ಅಂತ ಈಕೆ ಬರೆದಳಂತೆ.

ಸುದ್ದಿ ಊರಿಗೆ ಗೊತ್ತಾಯಿತು. ಅಕ್ರಮನ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ದಾಯಿ ಸುಳ್ಳು ಬರೆಸಿದ್ದಳಂತೆ ಅಂತ ಕಟ್ಟೆಯ ಮೇಲೆ ಮಾತಾಯಿತು. ಸುಮನಬಾಯಿ ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿದಳು. ಐದನೇ ದಿನ ಒಬ್ಬ ಬಂದ. ಆಮೇಲೆ ಇನ್ನೊಬ್ಬಳು. "ಆಯಿ, ನಂದು ಖರೇ ಹುಟ್ಟಿದ ದಿನ ಯಾವ್ದು?" ಬೇಸಿಗೆ ತುಂಬಾ ಇದೇ. ನೀ ಹುಟ್ಟಿದ ದಿನ ನಿಮ್ಮಪ್ಪನ ಎತ್ತು ಕಳೆದಿತ್ತು. ನೀ ಹುಟ್ಟಿದಾಗ ತೊಗರಿ ರಾಶಿ ಕಣದಲ್ಲಿತ್ತು, ಮಳೆ ಬಂತು, ಎಲ್ಲರೂ ಕಣಕ್ಕೆ ಓಡಿದರು, ಒಳಗೆ ನಾನು, ನಿಮ್ಮವ್ವ ಇಬ್ಬರೇ. ಕೇಳಿದವರು ಬಾಯಿ ತೆರೆದು ಕೂತು ಕೇಳಿದರು. ತಾರೀಖು ಸಿಗದಿದ್ದರೂ ಅವರಿಗೆ ಸಾಕಾಯಿತು.

ಮಳೆಗಾಲದಲ್ಲಿ ಅಲ್ಲಿನ ಕಚೇರಿಯಿಂದ ಉತ್ತರ ಬಂತು. ಇಬ್ಬರ ಸಾಕ್ಷಿಯನ್ನೂ ಒಪ್ಪಿದ್ದಾರೆ, ಗಜಾಲಾಳ ಅರ್ಜಿ ಮಂಜೂರಾಗಿದೆ. ವಜೀರಬಿ ಓಣಿಯಲ್ಲಿ ಓಡಿಕೊಂಡೇ ಬಂದಳು. ಮಂಡಿ ನೋವಿನ ಮುದುಕಿ ಓಡಿದ್ದನ್ನು ನೋಡಿ ಯಾರೋ ಸತ್ತರು ಅಂತ ಜನ ಹೊರಗೆ ಬಂದರು.

ಆಮೇಲೂ ಸುಲಭ ಇರಲಿಲ್ಲ. ಹುಟ್ಟಿದ ದಾಖಲೆಗೆ ಇಲ್ಲಿನ ಸಾಹೇಬರ ಹುಕುಂ, ಆಧಾರ ತಿದ್ದುವುದು, ಪಾಸ್‌ಪೋರ್ಟ್, ಹೈದರಾಬಾದಿಗೆ ವೀಸಾ ಸಲುವಾಗಿ ಹೋಗಿ ಬರುವುದು. ಪ್ರತಿ ಕಿಟಕಿಯಲ್ಲೂ ಒಬ್ಬ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದ. ಗಜಾಲಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಶಾಲೆ ಕಲೀತಿದ್ದೆ ರೀ, ಒಂದೂವರೆ ವರ್ಷ ಮೊದಲೇ." ಚಳಿಗಾಲ ಕಾಲಿಡುವ ಹೊತ್ತಿಗೆ ಹೊರಟಳು. ಹೋಗುವ ದಿನ ಸುಮನಬಾಯಿ ಆಕೆಯ ತಲೆಗೆ ಎಣ್ಣೆ ತಿಕ್ಕಿ ಎರೆದಳು. ಇಪ್ಪತ್ಮೂರರ ಹುಡುಗಿ ಎಳೆ ಕೂಸಿನ ಹಾಗೆ ಕಿರುಚಿದಳು.

ವಜೀರಬಿ ಮೂರು ದಿನ ಉಣ್ಣಲಿಲ್ಲ. ಆಮೇಲೆ ಅಕ್ರಮನ ಹೆಂಡತಿಯೊಡನೆ ಜಗಳ ಶುರು ಮಾಡಿದಳು. ಹುಷಾರಾದಳು ಅಂತ ಸುಮನಬಾಯಿ ತಿಳಿದಳು.

ಈಗ ರವಿವಾರ ಮುಂಜಾನೆ ಫೋನು ಬರುತ್ತದೆ. ಅಲ್ಲಿ ಶನಿವಾರ ಸಂಜೆಯಂತೆ. ವಜೀರಬಿ ಫೋನು ಹಿಡಕೊಂಡು ಸುಮನಬಾಯಿಯ ಮನೆಗೇ ಬರುತ್ತಾಳೆ. ಮೊದಲ ಸಲ ತಾಯಿ ಮಗಳು ಒಬ್ಬರನ್ನೊಬ್ಬರು ಬಿಡದೆ ಅತ್ತರು. ಎರಡನೇ ಸಲವೂ ಅತ್ತರು. ಶಾಯಿಸ್ತಾ ಸುಮನಬಾಯಿಗೆ ಕೈ ಮುಗಿದಳು. "ಕೈ ತಗಿ, ಏನು ನಾ ಪರದೇಶದಾಕಿಯೇನು?" ಅಂತ ಈಕೆ ಬೈದಳು.

ಹೋದ ರವಿವಾರ ಫೋನು ಎತ್ತಿದ ಕೂಡಲೇ ಆ ಕಡೆ ಗದ್ದಲ.

"ನೋಡು ನಾನಿ, ಅಮ್ಮ ನನಗ ಕಾರು ಕಲ್ಯಾಕ ಬಿಡಾಕತ್ತಿಲ್ಲ! ಇಲ್ಲಿ ಕಾರಿಲ್ದ ಕೆಲಸಕ್ಕ ಹ್ಯಾಂಗ ಹೋಗ್ಲಿ?"

"ಬಸ್ಸಿಗೆ ಹೋಗು! ನಾ ಹೋಗಂಗಿಲ್ಲೇನು? ಬಂದು ತಿಂಗಳಾಗಿಲ್ಲ, ಹಾರಾಕ ನೋಡ್ತಾಳ."

"ನೀ ಒಂದು ಮಾತೂ ಕೇಳಂಗಿಲ್ಲ!"

"ನಿನ್ನ ಕೇಳಾಕೇ ಏನು ನಾ ಕರೆಸಿದ್ದು?"

ಏಳು ವರ್ಷ ಫೋನಿನಲ್ಲಿ ಇವರು ಒಮ್ಮೆಯೂ ಜಗಳಾಡಿರಲಿಲ್ಲ. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ, ಅಷ್ಟೇ. ವಜೀರಬಿ ನಡುವೆ ಬಾಯಿ ಹಾಕಲು ಹೋದಳು. ಸುಮನಬಾಯಿ ಆಕೆಯ ಮೊಣಕೈ ಹಿಡಿದಳು.

"ಆಡ್ಲಿ ಬಿಡು. ಏಳು ವರ್ಷದ್ದು ಬಾಕಿ ಅದ."

ವಜೀರಬಿ ಫೋನನ್ನು ಚಾಪೆಯ ಮೇಲೆ ಇಟ್ಟಳು. ಇಬ್ಬರೂ ಕಾಲು ಚಾಚಿ, ಗೋಡೆಗೆ ಒರಗಿ, ಕೇಳುತ್ತ ಕೂತರು.